ಭರಣಿಯ ಮಳೆ, ಭರಣಿಯ ಮಿಡಿ

ಕಾವ್ಯವನ್ನು ಪಾಠ ಹೇಳುವವನಿಗೆ ವಸಂತದಷ್ಟು ಸುಲಭವಾದ ಋತು ಇನ್ನೊಂದಿಲ್ಲ. ಮಾವು ಚಿಗುರುತ್ತದೆ, ಕೋಗಿಲೆ ಕೂಗುತ್ತದೆ, ಮಲ್ಲಿಗೆ ಅರಳುತ್ತದೆ, ತೆಂಕಣ ಗಾಳಿ ಬೀಸುತ್ತದೆ. ವಿರಹಿಗಳು ನಿಟ್ಟುಸಿರು ಬಿಡುತ್ತಾರೆ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ಲಾಕ್ಷಣಿಕರು ವಿಧಿಸಿದ ಮೇಲೆ ಋತುವರ್ಣನೆಯನ್ನು ಬಿಟ್ಟ ಕವಿ ಉಂಟೆ? ಇಪ್ಪತ್ತು ವರ್ಷಗಳಿಂದ ನಾನೂ ಈ ವಸಂತವನ್ನು ಕರಿಹಲಗೆಯ ಮುಂದೆ ನಿಂತು ಅರಳಿಸುತ್ತ ಬಂದಿದ್ದೇನೆ. ಹೊರಗೆ ಜಡಿಮಳೆ ಸುರಿಯುತ್ತಿದ್ದರೂ ನನ್ನ ತರಗತಿಯ ಕೋಗಿಲೆಗೆ ಬಾಧೆಯಿಲ್ಲ.

2025ರ ಜುಲೈ ತಿಂಗಳಲ್ಲಿ ಹೀಗೆಯೇ ಒಂದು ಪಾಠ ನಡೆದಿತ್ತು. ವನವಿಹಾರ ಮುಗಿದು ಜಲಕೇಳಿಗೆ ಬಂದಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಇದು ಅರಸರು ಮಾಡುತ್ತಿದ್ದುದು. ಬೇರೆಯವರು ವಸಂತದಲ್ಲಿ ಏನು ಮಾಡುತ್ತಿದ್ದರು?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು, ಮುಂದಿನ ಪದ್ಯಕ್ಕೆ ಹೊರಳಿದೆ. ಆದರೆ ಆ ಪ್ರಶ್ನೆ ನನ್ನ ಜೊತೆಯಲ್ಲಿಯೇ ಮನೆಗೆ ಬಂತು. ಅದರ ಉತ್ತರ ನನಗೆ ಗೊತ್ತಿತ್ತು. ಯಾವ ಲಕ್ಷಣಗ್ರಂಥದಿಂದಲೂ ಕಲಿತುದಲ್ಲ, ಆಯಿಯ ಅಡಿಗೆಮನೆಯಿಂದ ಕಲಿತದ್ದು.

ನಮ್ಮ ಮನೆ ಇರುವುದು ಕುಮಟಾ ತಾಲ್ಲೂಕಿನಲ್ಲಿ, ಮಿರ್ಜಾನಿನ ಕೋಟೆಯಿಂದ ಮೇಲಕ್ಕೆ, ಅಘನಾಶಿನಿಯ ದಂಡೆಯ ಮೇಲೆ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲನ್ನು ಸೇರುವ ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟೆಯಿಲ್ಲ. ಆದುದರಿಂದ ಆಕಾಶದ ಮನಸ್ಸು ಬದಲಾದರೆ ಹೊಳೆಯ ಮನಸ್ಸೂ ಅಂದೇ ಬದಲಾಗುತ್ತದೆ. ಬೇಸಗೆಯಲ್ಲಿ ಸಿಹಿನೀರು ಸೊರಗಿ, ಉಬ್ಬರದ ಉಪ್ಪುನೀರು ಮೈಲಿಗಟ್ಟಲೆ ಒಳಕ್ಕೆ ಏರುತ್ತದೆ. ಮಳೆಗಾಲದಲ್ಲಿ ಅಳಿವೆಯವರೆಗೂ ಕೆನ್ನೀರು. ಇದರ ಅಳಿವೆ ಪ್ರದೇಶವನ್ನು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿಸಿದಾಗ ನಮ್ಮೂರವರಿಗೆ ಸಂತೋಷವಾಯಿತು, ಆಶ್ಚರ್ಯವಾಗಲಿಲ್ಲ. ಈ ಹೊಳೆ ಎಷ್ಟು ಮನೆಗಳ ಅನ್ನವೆಂಬುದು ಅವರಿಗೆ ಮೊದಲೇ ತಿಳಿದಿತ್ತು.

ಈ ದಂಡೆಯ ಜನಕ್ಕೆ ವಸಂತವೆಂದರೆ ವಿಹಾರದ ಋತುವಲ್ಲ, ಕೂಡಿಡುವ ಋತು. ಮುಂದೆ ಬರುವ ನಾಲ್ಕು ತಿಂಗಳ ಮಳೆಯನ್ನು ದಾಟಿಸುವ ಸಾಮಗ್ರಿಯೆಲ್ಲ ಈಗಲೇ ಸಿದ್ಧವಾಗಬೇಕು. ಅವುಗಳಲ್ಲಿ ಮುಖ್ಯವಾದವು ಮೂರು: ಮಿಡಿ, ಉಪ್ಪು, ಮೀನು.

ಮೊದಲನೆಯದು ಮಿಡಿ. ನಮ್ಮ ಹಿತ್ತಿಲ ಕೊನೆಯಲ್ಲಿ ಹೊಳೆಗೆ ಬಾಗಿದ ಅಪ್ಪೆಮರವೊಂದಿದೆ. ಯಾರೂ ನೆಟ್ಟದ್ದಲ್ಲ. ಚಳಿಯ ರಾತ್ರಿಗಳು ಸರಿಯಾಗಿ ಬಿದ್ದರೆ ಅದು ಮೈತುಂಬ ಹೂ ಬಿಡುತ್ತದೆ. ಆದರೆ ಮಾವಿನ ಹೂವನ್ನು ನಂಬಿ ಲೆಕ್ಕ ಹಾಕಿದವನು ಕೆಟ್ಟ. ಸಾವಿರ ಹೂವಿಗೆ ಒಂದು ಕಾಯಿ ನಿಂತರೆ ಅದೇ ಹೆಚ್ಚು. ಮೋಡ ಕವಿದು ಮಂಜು ಮುಸುಕಿದರೆ ಬೂದಿರೋಗ, ಜಿಗಿಹುಳು. ಅಕಾಲದ ಮಳೆ ಬಿದ್ದರೆ ಪರಾಗ ತೊಳೆದುಹೋಯಿತು. ಬಿಸಿಲು ಅತಿಯಾದರೆ ಕಡಲೆಕಾಳಿನಷ್ಟಾದ ಮಿಡಿ ತೊಟ್ಟು ಕಳಚಿ ನೆಲಕ್ಕೆ. ನೆಲಕ್ಕೆ ಬಿದ್ದ ಮಿಡಿ ಉಪ್ಪಿನಕಾಯಿಗೆ ಸಲ್ಲದು. ಮರ ಹತ್ತಿ, ತೊಟ್ಟಿನ ಸಮೇತ ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಬಿಡಬೇಕು. ಸೊನೆ ಒಳಗೇ ಉಳಿದರೆ ಮಾತ್ರ ಆ ಪರಿಮಳ.

ಎರಡನೆಯದು ಉಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರಗಳಲ್ಲಿ, ಉಬ್ಬರದ ನೀರನ್ನು ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಮಂದವಾಗಿಸಿ, ಹರಳುಗಟ್ಟಿದ ಮೇಲೆ ಬಳಿದು ರಾಶಿ ಹಾಕುತ್ತಾರೆ. ಪೊಟ್ಟಣದ ಪುಡಿಯುಪ್ಪು ಮನೆಮನೆಗೆ ಬಂದರೂ ಮಿಡಿಗೆ ಈ ಹರಳುಪ್ಪೇ ಆಗಬೇಕೆಂದು ಆಯಿಯ ಹಟ. ಒಂದು ಗಂಟೆಯ ಮಳೆ ಸಾಕು, ಕಟ್ಟಿದ ಹರಳು ಕರಗಿ ಮಡಿ ಮತ್ತೆ ತೆಳ್ಳನೆಯ ನೀರಾಗುತ್ತದೆ. ಕೆಲಸವನ್ನು ಮೊದಲಿನಿಂದ ತೊಡಗಬೇಕು.

ಮೂರನೆಯದು ಮೀನು. ನಮ್ಮ ನೆರೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಊರಿಗೆಲ್ಲ ಅವರು ಅಜ್ಜ. ಸಣ್ಣ ದೋಣಿಯಲ್ಲಿ ಹೊಳೆಗೆ ಬಲೆ ಬೀಸಿ ನೊಗಲಿ, ಸಿಗಡಿ ಹಿಡಿಯುತ್ತಾರೆ. ಅವರ ಸೊಸೆ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾಳೆ. ಮಗ ತದಡಿಯ ಬಂದರಿನಿಂದ ಕಡಲಿಗೆ ಹೋಗುವ ಯಾಂತ್ರಿಕ ದೋಣಿಯಲ್ಲಿ ಪಾಲಿನ ಮೇಲೆ ದುಡಿಯುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಅಂಥ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಮಾಡುವ ಕಾಲವೆಂದು ಸರಕಾರದ ನಿಷೇಧ. ಆದುದರಿಂದ ಮೇ ತಿಂಗಳ ಕೊನೆಯ ದಿನಗಳ ಪಾಲು, ಮರಳಿನ ಮೇಲೆ ಉಪ್ಪು ಹಾಕಿ ಒಣಗಿಸಿದ ಮೀನು, ಇವೆರಡೇ ಆ ಮನೆಯ ಎರಡು ತಿಂಗಳ ಬಂಡವಾಳ.

ಮಿಡಿ, ಉಪ್ಪು, ಮೀನು ಮೂರಕ್ಕೂ ಬೇಕಾದದ್ದು ಒಂದೇ: ಸರದಿ ತಪ್ಪದ ಹವೆ. ಮೊದಲು ಚಳಿ, ಆಮೇಲೆ ಹದವಾದ ಬಿಸಿಲು, ಕೊನೆಗೆ ಮಳೆ. “ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ” ಎಂದು ಬಯಲುಸೀಮೆಯ ರೈತ ಸಂತೋಷದಿಂದ ಹೇಳುತ್ತಾನೆ. ಆಗರದವನಿಗೂ ಮೀನು ಒಣಗಿಸುವವಳಿಗೂ ಅದೇ ಮಳೆ ನಷ್ಟ. ಒಬ್ಬನ ಅಮೃತ ಇನ್ನೊಬ್ಬನಿಗೆ ವಿಷವಾಗುವುದು ಹೊಸತಲ್ಲ. ಭರಣಿಯ ಮಳೆ ಎರಡು ದಿನ ಸುರಿದು ಹೋದರೆ ಇಬ್ಬರೂ ಹೇಗೋ ಬದುಕಿಕೊಳ್ಳುತ್ತಿದ್ದರು.

2025ರಲ್ಲಿ ಆದದ್ದು ಬೇರೆ. ಆ ವರ್ಷದ ಫೆಬ್ರುವರಿ, 1901ರಿಂದ ಈಚೆಗೆ ನಮ್ಮ ದೇಶ ಕಂಡ ಅತ್ಯಂತ ಬಿಸಿಯಾದ ಫೆಬ್ರುವರಿ. ಪಂಚಾಂಗ ತೆಗೆದು ನೋಡಿದರೆ ಇನ್ನೂ ಮಾಘಮಾಸ, ಶಿಶಿರ ಋತು. ಅಂಗಳದಲ್ಲಿ ಕಾಲಿಡಲಾರದ ಗ್ರೀಷ್ಮ. ನಮ್ಮ ಅಪ್ಪೆಮರದಲ್ಲಿ ಜೇನ್ನೊಣಗಳು ಗುಂಯ್‌ಗುಡುವಷ್ಟು ಹೂವಿತ್ತು. ಆದರೆ ದಿನಬೆಳಗಾದರೆ ಮರದ ಬುಡದಲ್ಲಿ ಹಸಿರು ಮಣಿ ಚೆಲ್ಲಿದಂತೆ ಮಿಡಿ. ಒಳ್ಳೆಯ ವರ್ಷದಲ್ಲಿ ನಾಲ್ಕೈದು ಸಾವಿರ ಕೊಡುವ ಮರದಲ್ಲಿ ಆ ಸಲ ಎಂಟುನೂರು ದೊರೆತವು. ಆಯಿ ಮೂರು ಭರಣಿಗಳನ್ನು ತೊಳೆದು ಬಿಸಿಲಿಗೆ ಇಟ್ಟಿದ್ದಳು. ಎರಡನ್ನು ಬೋರಲು ಹಾಕಿ ಅಟ್ಟಕ್ಕೆ ಏರಿಸಿದಳು.

ಯುಗಾದಿ ಮಾರ್ಚ್ 30ಕ್ಕೆ ಬಂತು. ವಸಂತವೆಂದರೆ ಚೈತ್ರ ವೈಶಾಖ. ವೈಶಾಖದ ಅಮಾವಾಸ್ಯೆ ಮೇ ತಿಂಗಳ 27ಕ್ಕೆ. ಆದರೆ ಕೇರಳಕ್ಕೆ ಸಾಮಾನ್ಯವಾಗಿ ಜೂನ್ 1ಕ್ಕೆ ಬರುವ ಮುಂಗಾರು ಆ ವರ್ಷ ಮೇ 24ಕ್ಕೇ ಬಂತು. ದೇಶದಾದ್ಯಂತ ಮೇ ತಿಂಗಳಲ್ಲಿ ವಾಡಿಕೆಯ ಎರಡರಷ್ಟು ಮಳೆ. ಅದೂ 1901ರಿಂದ ಈಚೆಗೆ ದಾಖಲೆ. ಶಿಶಿರದಲ್ಲಿ ಗ್ರೀಷ್ಮ ಬಂದುಹೋಯಿತು, ವಸಂತದಲ್ಲಿಯೇ ವರ್ಷ ಬಂದು ಕೂತಿತು. ಗ್ರೀಷ್ಮಕ್ಕೆ ತನ್ನ ಸರದಿಯಲ್ಲಿ ಬರಲು ಅವಕಾಶವೇ ಇರಲಿಲ್ಲ. ಕಾಳಿದಾಸನ ಋತುಸಂಹಾರ ಗ್ರೀಷ್ಮದಿಂದ ತೊಡಗಿ ವಸಂತದಲ್ಲಿ ಮುಗಿಯುತ್ತದೆ. ಆ ವರ್ಷ ಅವನಿದ್ದಿದ್ದರೆ ಸರ್ಗಗಳ ಅನುಕ್ರಮವನ್ನು ಹೇಗೆ ಇಡುತ್ತಿದ್ದನೋ!

ಆ ದಿನಗಳಲ್ಲಿ ರಜೆಗೆಂದು ನಾನು ಊರಿನಲ್ಲಿದ್ದೆ. ಒಂದು ಸಂಜೆ ಅಜ್ಜ ನಮ್ಮ ಜಗಲಿಗೆ ಬಂದು ಕುಳಿತರು. ಮಗನ ದೋಣಿ ಕೊನೆಯ ವಾರ ಬಂದರು ಬಿಟ್ಟು ಕದಲಿರಲಿಲ್ಲ. ಹೊಳೆಗೆ ಕೆನ್ನೀರು ಬಂದು, ಬಳಚು ಹೆಕ್ಕುವ ಕೆಲಸವೂ ನಿಂತಿತ್ತು. ಮರಳಿನ ಮೇಲೆ ಹರವಿದ್ದ ಮೀನನ್ನು ಎರಡು ಸಲ ಒಳಗೆ ತಂದು ಎರಡು ಸಲ ಹೊರಗೆ ಹಾಕಿದ್ದರಂತೆ. ಮೂರನೆಯ ಸಲಕ್ಕೆ ಅದು ಹುಳವಾಗಿತ್ತು.

“ತೌಕ್ತೆ ಬಂದಾಗಲೂ ಹೀಗೆಯೇ ಅಲ್ಲವೆ ಅಜ್ಜ?” ಎಂದೆ. 2021ರ ಮೇ ತಿಂಗಳ ಆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಗುಜರಾತಿಗೆ ಹೋಗಿತ್ತು.

“ಅದು ಗಾಳಿ, ಮಾಸ್ತರೇ. ಬಂತು, ಹೋಯಿತು. ಮಾರನೆಯ ವಾರ ಬಿಸಿಲು ಬಿತ್ತು. ಗಾಳಿಗೆ ನಾವು ಹೆದರುವವರಲ್ಲ. ಈಗ ಯಾವಾಗ ಬಲೆ ಎತ್ತಬೇಕು, ಯಾವಾಗ ಒಣಹಾಕಬೇಕು ಅಂತ ಹೇಳಿಕೊಡಲಿಕ್ಕೆ ನನಗೇ ಬರುವುದಿಲ್ಲ. ಮಗ ಕೇಳಿದರೆ, ಮೊಬೈಲು ನೋಡು ಅನ್ನುತ್ತೇನೆ.”

ಈ ಮಾತನ್ನು ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಕಳೆದ ಕೆಲವು ದಶಕಗಳಲ್ಲಿ ಅರಬ್ಬೀ ಸಮುದ್ರ ಬಿಸಿಯಾಗುತ್ತ ಬಂದಿದೆ, ಅಲ್ಲಿ ಹುಟ್ಟುವ ಚಂಡಮಾರುತಗಳ ಬಲ ಹೆಚ್ಚಿದೆ ಎಂದು ವಿಜ್ಞಾನಿಗಳು ಹೇಳುವುದನ್ನು ನಾನು ಓದಿದ್ದೇನೆ. ಮುನ್ಸೂಚನೆಯಿಂದ ಎಷ್ಟೋ ಜೀವ ಉಳಿದಿದೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಅಜ್ಜನಿಗೆ ಆದ ನಷ್ಟ ಒಂದು ಬುಟ್ಟಿ ಮೀನಿನದಷ್ಟೇ ಅಲ್ಲ. ಗಾಳಿ ತಿರುಗುವುದನ್ನು, ನೀರಿನ ಬಣ್ಣವನ್ನು, ನಕ್ಷತ್ರಗಳ ಮಳೆಯನ್ನು ಅಪ್ಪನಿಂದ ಕಲಿತು ಮಗನಿಗೆ ಕಲಿಸಬೇಕಾಗಿದ್ದ ಮನುಷ್ಯ, ತನ್ನ ಪಾಠ ಹಳತಾಯಿತೆಂದು ಒಪ್ಪಿಕೊಳ್ಳುತ್ತಿದ್ದ. ನಾನೂ ಪಾಠ ಹೇಳುವವನೇ. ಅದರ ಭಾರ ಎಷ್ಟೆಂದು ಊಹಿಸಬಲ್ಲೆ.

ಆಯಿ ಒಳಗಿನಿಂದ ನಮ್ಮ ಮಾತು ಕೇಳುತ್ತಿದ್ದಳು. ಅಜ್ಜ ಏಳುವ ಹೊತ್ತಿಗೆ, ಅಟ್ಟಕ್ಕೆ ಏರಿಸಿದ್ದ ಒಂದು ಭರಣಿಯನ್ನು ಇಳಿಸಿ, ಇದ್ದ ಮಿಡಿಯಲ್ಲಿ ಅರ್ಧವನ್ನು ಅದಕ್ಕೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತಂದಿಟ್ಟಳು. “ಮಕ್ಕಳಿಗೆ ಗಂಜಿಯ ಜೊತೆಗೆ ಏನಾದರೂ ಬೇಕಲ್ಲ” ಎಂದಳು, ಅಷ್ಟೇ. ಅವರು ಬೇಡವೆನ್ನಲಿಲ್ಲ. ಭರಣಿಯನ್ನು ಮಗುವಿನಂತೆ ತೋಳಿನಲ್ಲಿ ಹಿಡಿದು, ಮಳೆಯಲ್ಲಿ ಇಳಿದು ಹೋದರು.

ಮರುವಾರ ತರಗತಿಯಲ್ಲಿ ಆ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಆಕೆ, “ನಮ್ಮ ಮನೆಯಲ್ಲಿಯೂ ಹಾಗೆಯೇ ಸರ್” ಎಂದು ಹೇಳಿ ಕುಳಿತಳು. ಆ ಮೇಲೆ ಮಿಕ್ಕ ಹುಡುಗರೂ ಒಬ್ಬೊಬ್ಬರಾಗಿ ತಮ್ಮ ಮನೆಯ ಗೇರು, ಮಲ್ಲಿಗೆ, ಮೆಣಸುಗಳ ಸುದ್ದಿ ತೆಗೆದರು. ಗಂಟೆ ಹೊಡೆಯುವವರೆಗೂ ವಸಂತವರ್ಣನೆ ನಡೆಯಿತು.

ದೀಪಾವಳಿಗೆ ಊರಿಗೆ ಹೋದಾಗ ಭರಣಿ ಹಿಂದಿರುಗಿತ್ತು. ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ಮರಳಿಸುವ ರೂಢಿಯಿಲ್ಲ. ಬಟ್ಟೆ ಬಿಚ್ಚಿ ನೋಡಿದೆ. ಕಂಠದವರೆಗೆ ಸಾಣಿಕಟ್ಟೆಯ ಹರಳುಪ್ಪು. ಎಲ್ಲಿ, ಯಾವ ಬೆಲೆಗೆ ತಂದರೋ ಅಜ್ಜ ಹೇಳಲಿಲ್ಲ. “ಬರುವ ವರ್ಷದ ಮಿಡಿಗೆ ಇರಲಿ” ಎಂದು ಹೇಳಿ ಹೋಗಿದ್ದರಂತೆ. ಆಯಿ ಅದನ್ನು ಅಟ್ಟಕ್ಕೆ ಏರಿಸಲಿಲ್ಲ. ಒಲೆಯ ಬಳಿ, ತೇವ ತಾಗದ ಕಡೆಯಲ್ಲಿ ಇಟ್ಟಿದ್ದಳು.