ಕಣ್ಣ ಕೆಳಗಿನ ಕಪ್ಪೂ ಕಿತ್ತಳೆ ಬಣ್ಣವೂ

ರಾತ್ರಿ ಪಾಳಿ ಮುಗಿಸಿ ಬರುವವರ, ಬೆಳಗಿನ ಐದಕ್ಕೇ ಎದ್ದು ಲೋಕಲ್ ಗಾಡಿ ಹಿಡಿಯುವವರ ಕಣ್ಣ ಕೆಳಗೆ ಕಪ್ಪು ಕಟ್ಟುವುದು ಹೊಸ ಸಂಗತಿಯೇನೂ ಅಲ್ಲ. ಅದರಿಂದ ನೋವಿಲ್ಲ, ನಿಜ. ಆದರೆ ಕೆಲಸದ ಸಂದರ್ಶನಕ್ಕೆ ಹೋದಾಗ, ಊರಿನಿಂದ ಹೆಣ್ಣೋ ಗಂಡೋ ನೋಡಲು ಬಂದಾಗ, ನಾವು ಬಾಯಿ ತೆರೆಯುವ ಮೊದಲೇ ಮುಖ ಏನೋ ಒಂದನ್ನು ಹೇಳಿಬಿಡುತ್ತದೆ. ತಾಯಿತಂದೆಗಳಿಂದ ಬಂದ ಕಪ್ಪನ್ನು ಕೂಡ ನೋಡುವವರು ಕಾಯಿಲೆಯೆಂದೋ ದುಶ್ಚಟವೆಂದೋ ಎಣಿಸುವುದುಂಟು. ಅಂಥ ಒಂದು ದಿನದ ಮಟ್ಟಿಗೆ ಅದನ್ನು ಮರೆಮಾಡಬೇಕೆನ್ನುವವರನ್ನು ನಾವು ಆಡಿಕೊಳ್ಳಲಾರೆವು. ಗಂಡಸರಿಗೇಕೆ ಇದು ಎನ್ನುವವರು, ಸಂಘದ ನಾಟಕದಲ್ಲಿ ಬಣ್ಣ ಹಚ್ಚುವ ಗುಮಾಸ್ತರನ್ನು ಕೇಳಲಿ!

ಸಾಮಾನ್ಯವಾಗಿ ಜನ ಮಾಡುವುದೇನೆಂದರೆ, ಮೈಬಣ್ಣಕ್ಕಿಂತ ಬಿಳಿಯಾದ ಕ್ರೀಮನ್ನೋ ಪೌಡರನ್ನೋ ಕಪ್ಪಿನ ಮೇಲೆ ಬಳಿಯುವುದು. ಕಪ್ಪು ಹೋಗುವುದಿಲ್ಲ, ಬೂದಿ ಮೆತ್ತಿದಂತಾಗುತ್ತದೆ. ಇದಕ್ಕೆ ಕಾರಣವುಂಟು. ತೆಳುವಾದ ಬಿಳಿಯ ಲೇಪ ಕಪ್ಪಿನ ಮೇಲೆ ಕುಳಿತಾಗ ನೀಲಿ ಛಾಯೆ ತೋರುತ್ತದೆ. ಕಪ್ಪು ಗೋಡೆಯ ಮುಂದೆ ಊದುಬತ್ತಿಯ ಹೊಗೆ ನೀಲಿಯಾಗಿ ಕಾಣುವುದಿಲ್ಲವೆ, ಹಾಗೆ. ಕಣ್ಣ ಕೆಳಗಿನ ಚರ್ಮವೋ ಬಲು ತೆಳು, ಸುಮಾರು ಅರ್ಧ ಮಿಲಿಮೀಟರು. ಒಳಗಿನ ರಕ್ತನಾಳಗಳು ಮೊದಲೇ ಅಲ್ಲಿ ನೀಲಿಯಾಗಿ ತೋರುತ್ತಿರುತ್ತವೆ. ನೀಲಿಗೆ ನೀಲಿ ಸೇರಿದರೆ ಬೂದಿಬಣ್ಣವಲ್ಲದೆ ಇನ್ನೇನು?

ಇದಕ್ಕೆ ಉಪಾಯ ನಮ್ಮ ಬಟ್ಟೆ ಒಗೆಯುವ ಬಕೀಟಿನಲ್ಲೇ ಇದೆ. ಹಳದಿಗಟ್ಟಿದ ಬಿಳಿ ಪಂಚೆಯನ್ನು ನೀಲಿ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದರೆ ಬೆಳ್ಳಗೆ ಕಾಣುತ್ತದೆ. ಕೊಳೆ ಹೋದದ್ದರಿಂದಲ್ಲ, ಹಳದಿಯನ್ನು ನೀಲಿ ಅಡಗಿಸಿದ್ದರಿಂದ. ಬಣ್ಣಗಳನ್ನು ಚಕ್ರದಂತೆ ಜೋಡಿಸಿದಾಗ ಎದುರೆದುರು ಬರುವ ಎರಡು ಬಣ್ಣಗಳು ಬೆರೆತರೆ ಒಂದನ್ನೊಂದು ಮಂಕುಮಾಡುತ್ತವೆ. ವರ್ಣಚಿತ್ರಕಾರರ ಚಕ್ರದಲ್ಲಿ ನೀಲಿಗೆ ಎದುರು ಕಿತ್ತಳೆ. ಆದ್ದರಿಂದ ನೀಲಿಗಪ್ಪಿನ ಮೇಲೆ ಮೊದಲು ಕಿತ್ತಳೆ, ಅದರ ಮೇಲೆ ಮೈಬಣ್ಣದ ಲೇಪ. ಅಂಗಡಿಯಲ್ಲಿ ಮೊದಲನೆಯದನ್ನು ಕಲರ್ ಕರೆಕ್ಟರ್ ಎಂದೂ ಎರಡನೆಯದನ್ನು ಕನ್ಸೀಲರ್ ಎಂದೂ ಕೇಳಬೇಕು. ನೀಲಿ ಹೆಚ್ಚಾದರೆ ಪಂಚೆಯೇ ನೀಲಿಯಾಗುವಂತೆ, ಕಿತ್ತಳೆ ಹೆಚ್ಚಾದರೆ ಮುಖವೇ ಕಿತ್ತಳೆಯಾಗುತ್ತದೆ. ಜೋಳದ ಕಾಳಿನಷ್ಟು ಎರಡು ಕಣ್ಣಿಗೂ ಸಾಕು.

ಇವೇ ಬಣ್ಣಗಳು ಬೆರೆಯದೆ ಪಕ್ಕಪಕ್ಕದಲ್ಲಿ ನಿಂತರೆ ನಡತೆ ಬೇರೆ. ಒಂದು ಇನ್ನೊಂದನ್ನು ಎತ್ತಿ ತೋರಿಸುತ್ತದೆ. ಪ್ಯಾರಿಸ್ಸಿನ ಗೋಬ್ಲೆನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ 1824ರಲ್ಲಿ ಮುಖ್ಯಸ್ಥರಾದ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞರ ಬಳಿಗೆ ಕಪ್ಪು ನೂಲು ಮಂಕಾಗಿದೆಯೆಂಬ ದೂರು ಬಂತು. ಪರೀಕ್ಷಿಸಿದರೆ ಕಪ್ಪು ಸರಿಯಾಗಿಯೇ ಇತ್ತು. ಪಕ್ಕದ ನೀಲಿ, ನೇರಳೆ ನೂಲುಗಳು ಅದನ್ನು ಕೆಡಿಸಿ ತೋರಿಸುತ್ತಿದ್ದವು. ಈ ವಿಷಯವಾಗಿ ಅವರು 1839ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ನಮ್ಮ ಕೆಲಸಕ್ಕೆ ಬೇಕಾದದ್ದು ಇಷ್ಟು: ಕಿತ್ತಳೆ ಕಪ್ಪಿನ ಮೇಲೆಯೇ ಕೂಡಬೇಕು. ಅಂಚು ದಾಟಿ ಕೆನ್ನೆಗೆ ಹರಿದರೆ ಕಪ್ಪೂ ಎದ್ದು ಕಾಣುತ್ತದೆ, ಕಿತ್ತಳೆಯೂ ಎದ್ದು ಕಾಣುತ್ತದೆ.

ಬೆಳ್ಳಗಿರುವವರಿಗೆ ಪೀಚ್ ಹಣ್ಣಿನ ನಸುಬಣ್ಣ ಸಾಕು. ಗೋಧಿಬಣ್ಣದವರಿಗೆ ಕಿತ್ತಳೆ, ಇನ್ನೂ ಕಪ್ಪಗಿರುವವರಿಗೆ ಕೆಂಪು ಬೆರೆತ ಗಾಢ ಕಿತ್ತಳೆ. ಕನ್ಸೀಲರನ್ನು ಅಂಗಡಿಯ ದೀಪದಲ್ಲಿ ಆರಿಸದೆ, ದವಡೆಯ ಮೇಲೆ ಚುಕ್ಕೆಯಿಟ್ಟು ಹೊರಗಿನ ಬೆಳಕಿನಲ್ಲಿ ನೋಡಬೇಕು. ಮುಖ ತೊಳೆದು ಒರೆಸಿ, ಒಣಚರ್ಮವಾದರೆ ಸ್ವಲ್ಪ ಕ್ರೀಮು ಹಚ್ಚಿ ಆರಗೊಟ್ಟು, ಉಂಗುರದ ಬೆರಳಿನಿಂದ ತಟ್ಟುತ್ತ ಹಚ್ಚಬೇಕು. ಉಜ್ಜಿದರೆ ಕೆಳಗಿನ ಪದರ ಎದ್ದುಬರುತ್ತದೆ. ಕೊನೆಗೆ ಚಿಟಿಕೆ ಪೌಡರು.

2015ರಲ್ಲಿ ಅಮೆರಿಕದ ದೀಪಿಕಾ ಮುತ್ಯಾಲ ಎಂಬವರು ಕಿತ್ತಳೆಯ ಬದಲು ಕೆಂಪು ಲಿಪ್‌ಸ್ಟಿಕ್ಕನ್ನೇ ಕಣ್ಣ ಕೆಳಗೆ ಹಚ್ಚಿ ತೋರಿಸಿದ ವೀಡಿಯೊವನ್ನು ಲಕ್ಷಾಂತರ ಜನ ನೋಡಿದರು. ಉಪಾಯ ಜಾಣತನದ್ದೇ. ಆದರೆ ತುಟಿಗೆ ಒಪ್ಪಿದ ಬಣ್ಣವೆಲ್ಲ ಕಣ್ಣಿನ ಬಳಿಗೆ ಒಪ್ಪಿದ್ದಲ್ಲ; ದಿನವೂ ಬೇಕೆನ್ನುವವರು ಕರೆಕ್ಟರನ್ನೇ ಕೊಳ್ಳುವುದು ಲೇಸು.

ಎಲ್ಲ ಕಪ್ಪಿಗೂ ಇದು ನಡೆಯದು. ಚರ್ಮವೇ ಕಂದಿ ಕಪ್ಪಾಗಿದ್ದರೆ ಕಿತ್ತಳೆಯ ಫಲ ಕಡಿಮೆ. ಇನ್ನು ಕೆಲವರದು ಕಪ್ಪೇ ಅಲ್ಲ, ಗುಳಿಬಿದ್ದ ಕಣ್ಣಿನ ನೆರಳು. ಕನ್ನಡಿ ಹಿಡಿದು ಕಿಟಕಿಗೆ ಎದುರಾಗಿ ಗಲ್ಲವೆತ್ತಿ ನೋಡಿ. ಕಪ್ಪು ಮಾಯವಾದರೆ ಅದು ನೆರಳು. ನೆರಳಿಗೆ ಯಾವ ಬಣ್ಣ ಬಳಿದು ಪ್ರಯೋಜನ?

ವಾರದಲ್ಲಿ ಕಪ್ಪು ತೆಗೆಯುತ್ತೇವೆನ್ನುವ ಹೆಸರಿಲ್ಲದ ಡಬ್ಬಿಗಳನ್ನು ಮಾತ್ರ ಮುಟ್ಟಬೇಡಿ. ಅಂಥವುಗಳಲ್ಲಿ ಪಾದರಸವೋ ಸ್ಟೆರಾಯಿಡೋ ಇರುವುದುಂಟು. ಸ್ಟೆರಾಯಿಡನ್ನು ಬಹುಕಾಲ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗುತ್ತದೆ, ಕಣ್ಣೊಳಗಿನ ಒತ್ತಡವೂ ಏರಬಹುದು. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿತು. ಕಪ್ಪಿನ ಜೊತೆಗೆ ಆಯಾಸ, ಏದುಸಿರು ಇದ್ದರೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ರಕ್ತ ಕಡಿಮೆಯಾಗಿ ಮುಖ ಬಿಳಿಚಿದಾಗ ಈ ಕಪ್ಪು ಎದ್ದು ಕಾಣುತ್ತದೆ.

ಹಚ್ಚಿದ್ದನ್ನು ಮಲಗುವ ಮುನ್ನ ತೊಳೆದುಬಿಡಬೇಕು. ಒಂದೇ ಕೋಣೆಯಲ್ಲಿ ನಾಲ್ವರಿರುವ ಕಡೆ ಒಂದು ಡಬ್ಬಿ ತಂದು ಎಲ್ಲರೂ ಬೆರಳದ್ದುವ ಉಳಿತಾಯ ಬೇಡ. ಒಬ್ಬರ ಕಣ್ಣುಬೇನೆ ನಾಲ್ವರಿಗೂ ಹತ್ತಿದರೆ ನಾಲ್ವರ ರಜೆಯೂ ಖರ್ಚಾಗುತ್ತದೆ.