ಪುಣೆಯ ಮಳೆಯಲ್ಲಿ ಹೊಳೆಗೆ ಹೋಗುವುದೆಷ್ಟು?

ಪುಣೆಯ ಶಿವಾಜಿನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿ.ಮೀ. ಅಲ್ಲಿಂದ ಪಶ್ಚಿಮಕ್ಕೆ 50 ಕಿ.ಮೀ. ಹೋಗಿ ತಾಮ್ಹಿಣಿ ಘಾಟಿ ಮುಟ್ಟಿದರೆ ಅದು 5 ಸಾವಿರ ಮಿ.ಮೀ. ಮೀರುತ್ತದೆ. ಇವೆರಡೂ ಮಳೆ ಕೊನೆಗೆ ಸೇರುವುದು ಒಂದೇ ಹೊಳೆಯನ್ನು. ಮುಠಾ ಮತ್ತು ಮುಳಾ ನದಿಗಳು ಪುಣೆಯಲ್ಲಿ ಕೂಡಿ, ದೌಂಡ್ ತಾಲ್ಲೂಕಿನಲ್ಲಿ ಭೀಮೆಗೆ ಬೀಳುತ್ತವೆ. ಅಲ್ಲಿಂದ ಉಜನಿ, ಪಂಢರಪುರ, ಆಮೇಲೆ ನಮ್ಮ ಇಂಡಿ, ಅಫಜಲಪುರ, ಗಾಣಗಾಪುರ. 2020ರ ಅಕ್ಟೋಬರ್‌ನಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ಭೀಮಾ ತೀರದ ಊರುಗಳು ಮುಳುಗಿದ್ದನ್ನು ಅಲ್ಲಿಯ ಜನ ಮರೆತಿಲ್ಲ. ಹಾಗಾಗಿ ಪುಣೆ ಸೀಮೆಯಲ್ಲಿ ಬಿದ್ದ ಮಳೆಯಲ್ಲಿ ಎಷ್ಟು ಪಾಲು ನೆಲಕ್ಕೆ ಇಂಗಿತು, ಎಷ್ಟು ಪಾಲು ಹೊಳೆಗೆ ಹರಿಯಿತು ಎಂಬ ಲೆಕ್ಕ ಕನ್ನಡಿಗರಿಗೂ ಸಂಬಂಧಪಟ್ಟದ್ದು.

ಈ ಲೆಕ್ಕಕ್ಕೆ ಪುಣೆಯಲ್ಲಿ ಹಳೆಯ ಇತಿಹಾಸವೇ ಇದೆ. ಮುಠಾ ನದಿಗೆ ಖಡಕ್‌ವಾಸ್ಲಾ ಬಳಿ ಕಲ್ಲಿನ ಅಣೆಕಟ್ಟು ಎದ್ದದ್ದು 19ನೇ ಶತಮಾನದ ಕೊನೆಯಲ್ಲಿ. ಮಳೆಗಾಲದಲ್ಲಿ ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿದ್ದ ನೀರನ್ನು ಕಂಡು, ಅದೇ ಕೋಡಿಗೆ 1903ರಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದವರು ನಮ್ಮ ಎಂ. ವಿಶ್ವೇಶ್ವರಯ್ಯ. ಕಟ್ಟೆಯನ್ನು ಎತ್ತರಿಸದೆಯೇ ನೀರಿನ ಮಟ್ಟವನ್ನು ಸುಮಾರು 8 ಅಡಿ ಏರಿಸಿದ ಕೆಲಸ ಅದು. ನೆರೆ ಬಂದಾಗ ಬಾಗಿಲು ತಾನಾಗಿ ತೆರೆಯಬೇಕು, ಇಳಿದಾಗ ಮುಚ್ಚಬೇಕು. ಎಷ್ಟು ನೀರು ಬರಬಹುದು ಎಂಬ ಅಂದಾಜಿಲ್ಲದೆ ಇಂಥದ್ದನ್ನು ಕಟ್ಟಲಾಗದು.

ಮುಂದೆ ಖಡಕ್‌ವಾಸ್ಲಾದ ಜಲ ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದ ಕ್ಲಾಡ್ ಇಂಗ್ಲಿಸ್, ಡಿಸೋಜಾ ಎಂಬ ಸಹೋದ್ಯೋಗಿಯೊಂದಿಗೆ 1930ರ ಆಸುಪಾಸಿನಲ್ಲಿ ಪಶ್ಚಿಮ ಭಾರತದ ಹೊಳೆಗಳ ಅಳತೆ ನೋಡಿ ಎರಡು ಸೂತ್ರಗಳನ್ನು ಕೊಟ್ಟರು. ಘಟ್ಟಕ್ಕೊಂದು, ಬಯಲಿಗೊಂದು. ಘಟ್ಟದಲ್ಲಿ ವರ್ಷದ ಮಳೆಯನ್ನು ಸೆಂಟಿಮೀಟರಿನಲ್ಲಿ ಬರೆದುಕೊಂಡು 0.85ರಿಂದ ಗುಣಿಸಿ, 30.5 ಕಳೆಯಬೇಕು. 250 ಸೆಂ.ಮೀ. ಮಳೆಯಾದರೆ 182 ಸೆಂ.ಮೀ. ಹರಿಯುತ್ತದೆ, ಅಂದರೆ ಶೇ 73. ಬಯಲಿನಲ್ಲಿ ಮಳೆಯಿಂದ 17.8 ಕಳೆದು, ಬಂದದ್ದನ್ನು ಮತ್ತೆ ಮಳೆಯಿಂದಲೇ ಗುಣಿಸಿ, 254ರಿಂದ ಭಾಗಿಸಬೇಕು. 60 ಸೆಂ.ಮೀ. ಮಳೆಗೆ ಹರಿಯುವುದು ಸುಮಾರು 10 ಸೆಂ.ಮೀ., ಶೇ 17 ಮಾತ್ರ. ಒಂದೇ ನದಿಯ ತಲೆ ಮತ್ತು ಬುಡದ ನಡುವೆ ಇಷ್ಟು ಅಂತರ! ಸಂಖ್ಯೆಗಳು ಸರಳವಾಗಿದ್ದರೂ ಅವುಗಳ ಹಿಂದೆ ವರ್ಷಗಟ್ಟಲೆ ಹೊಳೆಯ ದಡದಲ್ಲಿ ನಿಂತು ಅಳೆದವರ ಶ್ರಮವಿದೆ. ಅದನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಆದರೆ ಈ ಸೂತ್ರಗಳು ಹೇಳುವುದು ವರ್ಷದ ಲೆಕ್ಕ. ಇವತ್ತು ರಾತ್ರಿ ಎರಡು ಗಂಟೆ ಜಡಿದ ಮಳೆಗೆ ಯಾವ ಹಳ್ಳ ಉಕ್ಕುತ್ತದೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಅದಕ್ಕೆ ನಕ್ಷೆ ಬೇಕು.

ಮೊದಲು ಬೇಕಾಗುವುದು ನೆಲದ ಏರಿಳಿತದ ನಕ್ಷೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ 11 ದಿನ ಭೂಮಿಯನ್ನು ಸುತ್ತಿ, ರೇಡಾರ್‌ನಿಂದ ನೆಲದ ಎತ್ತರ ಅಳೆಯಿತು. ನಮ್ಮ ಇಸ್ರೋ 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದ ಜೋಡಿ ಚಿತ್ರಗಳಿಂದಲೂ ಅಂಥದೇ ನಕ್ಷೆ ಸಿದ್ಧವಾಗಿದೆ. ಇವುಗಳಲ್ಲಿ ನೆಲವನ್ನು 30 ಮೀಟರ್ ಬದಿಯ ಚೌಕಗಳಾಗಿ ಒಡೆದು, ಒಂದೊಂದಕ್ಕೂ ಎತ್ತರ ಬರೆದಿರುತ್ತದೆ. ಕಂಪ್ಯೂಟರ್ ಪ್ರತಿ ಚೌಕದ ಸುತ್ತಲಿನ ಎಂಟು ಚೌಕಗಳನ್ನು ನೋಡಿ, ಅತಿ ಕಡಿದಾಗಿ ಇಳಿಯುವ ಕಡೆಗೆ ನೀರನ್ನು ಕಳಿಸುತ್ತದೆ. ಹೀಗೆ ಲಕ್ಷಾಂತರ ಚೌಕಗಳ ನೀರು ಒಂದಕ್ಕೊಂದು ಕೂಡುತ್ತ ಹೋದಾಗ ಪರದೆಯ ಮೇಲೆ ಹಳ್ಳ, ಉಪನದಿ, ನದಿ ಮೂಡುತ್ತವೆ. ಹೊಳೆಯ ಮೇಲೆ ಒಂದು ಬಿಂದು ಗುರುತಿಸಿದರೆ ಅಲ್ಲಿಗೆ ನೀರು ಕಳಿಸುವ ಇಡೀ ಜಲಾನಯನ ಪ್ರದೇಶದ ಎಲ್ಲೆ ತಾನೇ ಬಿಡಿಸಿಕೊಳ್ಳುತ್ತದೆ. ಹಿಂದೆ ಟೋಪೋಶೀಟ್ ಹರಡಿಕೊಂಡು ಪೆನ್ಸಿಲ್ ಹಿಡಿದು ದಿನಗಟ್ಟಲೆ ಮಾಡುತ್ತಿದ್ದ ಕೆಲಸವಿದು.

ಆ ಎಲ್ಲೆಯೊಳಗೆ ಇನ್ನೆರಡು ನಕ್ಷೆಗಳನ್ನು ಹೊದಿಸುತ್ತಾರೆ: ಯಾವ ಮಣ್ಣು, ಮತ್ತು ಆ ಮಣ್ಣಿನ ಮೇಲೆ ಈಗ ಏನಿದೆ. ಮರಳುಮಣ್ಣು ನೀರು ಕುಡಿಯುತ್ತದೆ. ಎರೆಮಣ್ಣು ಒಮ್ಮೆ ನೆನೆದರೆ ಬಾಯಿ ಮುಚ್ಚುತ್ತದೆ. ಕಾಡು, ಹೊಲ, ಬೀಳು, ಮನೆ, ಡಾಂಬರು ಎಂದು ಉಪಗ್ರಹ ಚಿತ್ರದಿಂದ ವಿಂಗಡಿಸಬಹುದು. ಮಣ್ಣು ಮತ್ತು ಬಳಕೆಯ ಪ್ರತಿ ಜೋಡಿಗೂ ಅಮೆರಿಕದ ಕೃಷಿ ಇಲಾಖೆಯ ಮಣ್ಣು ಸಂರಕ್ಷಣಾ ವಿಭಾಗ 1950ರ ದಶಕದಲ್ಲಿ ಒಂದು ಅಂಕ ನಿಗದಿ ಮಾಡಿತು. ಇದೇ ಕರ್ವ್ ನಂಬರ್. ಅಂಕ ನೂರಕ್ಕೆ ಹತ್ತಿರವಾದಷ್ಟೂ ನೆಲ ನೀರನ್ನು ಹಿಡಿಯದೆ ಬಿಟ್ಟುಕೊಡುತ್ತದೆ. ಕಾಂಕ್ರೀಟು, ಡಾಂಬರಿಗೆ 98. ನಮ್ಮ ಎಂಜಿನಿಯರುಗಳು ಈ ವಿಧಾನವನ್ನು ಹಾಗೆಯೇ ಎತ್ತಿಕೊಳ್ಳಲಿಲ್ಲ. ಹರಿವು ಶುರುವಾಗುವ ಮುನ್ನ ನೆಲ ಎಷ್ಟು ಮಳೆ ನುಂಗುತ್ತದೆ ಎಂಬ ಗುಣಾಂಕ ಮೂಲದಲ್ಲಿ 0.2 ಇತ್ತು, ಇಲ್ಲಿ ನೆನೆದ ಎರೆಭೂಮಿಗೆ 0.1, ಉಳಿದ ಕಡೆ 0.3 ಎಂದು ತಿದ್ದಿದರು. ಬೇಸಿಗೆಯಲ್ಲಿ ಬಿರಿದ ಎರೆಹೊಲ ಮೊದಲ ಮಳೆಯನ್ನು ಹೇಗೆ ನುಂಗುತ್ತದೆ, ಶ್ರಾವಣದ ಹೊತ್ತಿಗೆ ಅದೇ ಹೊಲದ ಮೇಲೆ ನೀರು ಹೇಗೆ ನಿಲ್ಲುತ್ತದೆ ಎಂಬುದು ವಿಜಯಪುರದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕರ್ವ್ ನಂಬರಿನ ಮೂಲ ಸೂತ್ರದಲ್ಲೇ ಒಂದು ಲೆಕ್ಕ ಮಾಡಿ ನೋಡೋಣ. ಅಂಕ 75 ಇರುವ ಒಂದು ಚದರ ಕಿ.ಮೀ. ಗುಡ್ಡದ ತಪ್ಪಲಿನಲ್ಲಿ 100 ಮಿ.ಮೀ. ಮಳೆ ಬಿದ್ದರೆ 41 ಮಿ.ಮೀ. ಹರಿಯುತ್ತದೆ. ಅಲ್ಲಿ ಬಡಾವಣೆ ಎದ್ದು ಅಂಕ 92ಕ್ಕೆ ಏರಿತು ಎನ್ನೋಣ. ಅದೇ ಮಳೆಗೆ ಈಗ ಹರಿಯುವುದು ಸುಮಾರು 78 ಮಿ.ಮೀ. ಮೋಡ ಒಂದು ಹನಿಯನ್ನೂ ಹೆಚ್ಚು ಸುರಿಸಿಲ್ಲ. ಕೆಳಗಿನ ಹಳ್ಳಕ್ಕೆ ಮಾತ್ರ ಮೂರೂವರೆ ಕೋಟಿ ಲೀಟರಿಗಿಂತ ಹೆಚ್ಚು ನೀರು ಹೊಸದಾಗಿ ಬಂತು. ಅದೂ ಮೊದಲಿಗಿಂತ ಬೇಗ, ಏಕೆಂದರೆ ಚರಂಡಿ ಮತ್ತು ರಸ್ತೆಯ ಮೇಲೆ ನೀರಿಗೆ ತಡೆಯಿಲ್ಲ. ಇನ್ನು ಬಡಾವಣೆ ಎದ್ದೇ ಇಲ್ಲ, ಆದರೆ ಹಿಂದಿನ ನಾಲ್ಕೈದು ದಿನ ಮಳೆ ಹಿಡಿದು ನೆಲ ತೊಯ್ದಿದೆ ಎಂದಾದರೆ, ಅದೇ ತಪ್ಪಲಿನ ಅಂಕ 87ರ ಆಸುಪಾಸಿಗೆ ಏರಿ ಸುಮಾರು 65 ಮಿ.ಮೀ. ಹರಿಯುತ್ತದೆ. ಮಳೆಗಾಲದ ಕೊನೆಯ ಮಳೆಗಳು ಹೆಚ್ಚು ಅಪಾಯ ತರುವುದಕ್ಕೆ ಇದೊಂದು ಕಾರಣ.

2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯಲ್ಲಿ ನಡೆದದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ಕಾತ್ರಜ್ ಗುಡ್ಡದಲ್ಲಿ ಹುಟ್ಟಿ ನಗರದ ನಡುವೆ ಹರಿದು ಮುಠೆಯನ್ನು ಸೇರುವ ಆಂಬಿಲ್ ಓಢಾ ಎಂಬ ಹಳ್ಳ ಕೆಲವೇ ಗಂಟೆಗಳಲ್ಲಿ ಉಕ್ಕಿ ಸಹಕಾರನಗರ, ಅರಣ್ಯೇಶ್ವರ ಭಾಗದ ಮನೆಗಳಿಗೆ ನುಗ್ಗಿತು. ಆ ಮಳೆಯಲ್ಲಿ ಪುಣೆ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಹಳ್ಳ ಚಿಕ್ಕದು, ಅದರ ಜಲಾನಯನವೂ ಚಿಕ್ಕದು. ಆದರೆ ಗುಡ್ಡದ ಕಡಿದಾದ ಇಳಿಜಾರು, ಕಿಕ್ಕಿರಿದ ಕಟ್ಟಡ, ಇಕ್ಕಟ್ಟಾದ ಪಾತ್ರ, ನೆನೆದ ನೆಲ ನಾಲ್ಕೂ ಒಟ್ಟುಗೂಡಿದ್ದವು.

2024ರ ಜುಲೈ 25ರ ನೆರೆ ಬೇರೆ ಬಗೆಯದು. ಪಾನಶೇತ್, ವರಸಗಾಂವ್, ಟೇಮ್‌ಘರ್ ಮತ್ತು ಖಡಕ್‌ವಾಸ್ಲಾ ಈ ನಾಲ್ಕೂ ಜಲಾಶಯಗಳು ಸೇರಿದರೆ ಹಿಡಿಯುವುದು ಸುಮಾರು 29 ಟಿಎಂಸಿ. ಆದರೆ ನಗರಕ್ಕೆ ಎಲ್ಲಕ್ಕಿಂತ ಹತ್ತಿರದ ಖಡಕ್‌ವಾಸ್ಲಾ ಒಂದೇ ಹಿಡಿಯುವುದು 2 ಟಿಎಂಸಿಗಿಂತ ಕಡಿಮೆ. ಸೆಕೆಂಡಿಗೆ 35 ಸಾವಿರ ಘನ ಅಡಿ ಒಳಹರಿವು ಬಂದರೆ ಬರಿದಾಗಿದ್ದ ಜಲಾಶಯವೂ 16 ಗಂಟೆಯೊಳಗೆ ತುಂಬುತ್ತದೆ. ಅಂದು ಬೆಳಗಿನ ಜಾವ ಹೊರಬಿಟ್ಟದ್ದು ಅಷ್ಟರ ಮಟ್ಟಿಗಿತ್ತು. ಅಣೆಕಟ್ಟಿನ ಕೆಳಗೆ ನಗರದ ಮೇಲೇ ಬಿದ್ದ ಮಳೆ ಅದಕ್ಕೆ ಕೂಡಿತು. ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ನೀರು ಹೊಕ್ಕಿತು. ಗೇಟಿನ ಲೆಕ್ಕವಷ್ಟೇ ಸಾಲದು, ಗೇಟಿನ ಕೆಳಗಿನ ಹಳ್ಳಗಳ ಲೆಕ್ಕವೂ ಗಂಟೆಗಂಟೆಗೆ ಬೇಕು ಎಂಬುದು ಅಂದು ಎದ್ದು ಕಂಡಿತು.

ನಕ್ಷೆಯ ಲೆಕ್ಕಕ್ಕೂ ಮಿತಿಗಳಿವೆ. 30 ಮೀಟರಿನ ಚೌಕಕ್ಕೆ ಐದಾರು ಮೀಟರ್ ಅಗಲದ ಹಳ್ಳ ಕಾಣುವುದಿಲ್ಲ. ರೇಡಾರ್ ಕಟ್ಟಡದ ತಾರಸಿಯನ್ನೇ ನೆಲವೆಂದು ಬರೆದುಕೊಳ್ಳುತ್ತದೆ. ಸೇತುವೆ ಅದಕ್ಕೆ ಅಡ್ಡಗಟ್ಟಿದ ಒಡ್ಡಿನಂತೆ ಕಾಣುತ್ತದೆ, ನೆಲದಡಿಯ ಪೈಪು ಕಾಣುವುದೇ ಇಲ್ಲ. ಇವನ್ನೆಲ್ಲ ಕಾಲ್ನಡಿಗೆಯಲ್ಲಿ ಹೋಗಿ ತಿದ್ದಬೇಕು. ಮಳೆಮಾಪಕಗಳೂ ದಟ್ಟವಾಗಿರಬೇಕು, ಶಿವಾಜಿನಗರದ ಅಂಕಿ ಹಿಡಿದು ಕಾತ್ರಜ್ ಗುಡ್ಡದ ಹರಿವು ಹೇಳಿದರೆ ಅದು ಊಹೆಯಷ್ಟೇ. ಲೆಕ್ಕ ಹೇಳಿದ ಹರಿವನ್ನು ಹೊಳೆಯಲ್ಲಿ ನಿಜವಾಗಿ ಅಳೆದ ಹರಿವಿನೊಂದಿಗೆ ಹೋಲಿಸಿ, ತಾಳೆಯಾಗುವವರೆಗೆ ಅಂಕಗಳನ್ನು ಸರಿಪಡಿಸುವುದು ಬಹಳ ಮುಖ್ಯ. ಆ ಹಂತವನ್ನು ಬಿಟ್ಟು ಬಣ್ಣಬಣ್ಣದ ನಕ್ಷೆ ಅಚ್ಚು ಹಾಕುವುದರಿಂದ ಯಾರ ಮನೆಯೂ ಉಳಿಯುವುದಿಲ್ಲ.

ಇಷ್ಟಾದರೂ ಈ ವಿದ್ಯೆ ಇವತ್ತು ಯಾರ ಸ್ವತ್ತೂ ಅಲ್ಲ. ಇಸ್ರೋದ ಭುವನ್ ಜಾಲತಾಣದಲ್ಲಿ ಎತ್ತರದ ನಕ್ಷೆ ಸಿಗುತ್ತದೆ, ಅದನ್ನು ಬಿಡಿಸುವ ಕ್ಯೂಜಿಐಎಸ್ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ತಮ್ಮೂರಿನ ಹಳ್ಳದ ಜಲಾನಯನವನ್ನು ಒಂದು ಸಂಜೆಯಲ್ಲಿ ಗುರುತಿಸಬಲ್ಲರು. ಪುಣೆಯಿರಲಿ, ಬೆಂಗಳೂರಿರಲಿ, ಕಲಬುರಗಿಯಿರಲಿ, ಹೊಸ ಬಡಾವಣೆಯ ಕಡತದಲ್ಲಿ ಕಟ್ಟುವ ಮುಂಚಿನ ಹರಿವು ಎಷ್ಟು, ಕಟ್ಟಿದ ಮೇಲಿನ ಹರಿವು ಎಷ್ಟು ಎಂಬ ಎರಡು ಸಂಖ್ಯೆಗಳು ಇರಲೇಬೇಕೆಂದು ನಗರಸಭೆಗಳು ನಿಯಮ ಮಾಡಬೇಕು. ಹೆಚ್ಚಾದ ನೀರನ್ನು ತನ್ನ ಜಾಗದಲ್ಲೇ ತಡೆದು ಇಂಗಿಸುವ ಹೊಣೆ ಕಟ್ಟುವವರದ್ದಾಗಬೇಕು. ನಿವೇಶನ ಕೊಳ್ಳಲು ಹೊರಟಿರುವ ಓದುಗರು ಇಂದೇ ಆ ಎರಡು ಸಂಖ್ಯೆಗಳನ್ನು ಕೇಳಲು ಶುರುಮಾಡಿ.