ನರಿವಾಸನೆಯ ದ್ರಾಕ್ಷಿ ಮಾರ್ಟಿನಿ ಬಟ್ಟಲೇರಿದ ಬಗೆ

ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೊರಟರೆ ಹೆದ್ದಾರಿ ಬದಿಯಲ್ಲಿ ದ್ರಾಕ್ಷಿ ಮಾರುವವರು ಸಿಗುತ್ತಾರೆ. ಬೀಜವಿಲ್ಲದ ಉದ್ದ ದ್ರಾಕ್ಷಿ, ದಪ್ಪನೆಯ ದಿಲ್‌ಖುಷ್, ಇವೆಲ್ಲ ಕಣ್ಣಿಗೆ ಕಾಣುವಂತೆ ಮುಂದೆ. ಹಿಂದೆ ಎಲ್ಲೋ ಒಂದು ಕ್ರೇಟಿನಲ್ಲಿ ಮೈಗೆ ಬೂದಿ ಬಳಿದುಕೊಂಡಂತಿರುವ ಗುಂಡು ಕಪ್ಪು ಹಣ್ಣು. ಅದೇ ಬೆಂಗಳೂರು ಬ್ಲೂ. ಕಾರು ನಿಲ್ಲಿಸಿದವರು "ಬೀಜ ಇದೆಯಾ?" ಎಂದು ಕೇಳಿ ಮುಂದಿನ ರಾಶಿಗೇ ಕೈಹಾಕುತ್ತಾರೆ. ನಾನು ಕೇಳಿ ತೆಗೆಸುವುದು ಹಿಂದಿನ ಕ್ರೇಟನ್ನು.

ಹಿಚುಕಿದರೆ ಸಿಪ್ಪೆ ಕೈಯಲ್ಲಿ, ತಿರುಳು ಬಾಯಲ್ಲಿ. ತಿರುಳು ಸಿಹಿ, ಸಿಪ್ಪೆಯ ಹತ್ತಿರ ಹುಳಿ. ಆಮೇಲೆ ಆ ವಾಸನೆ! ನಾವು ಚಿಕ್ಕಂದಿನಲ್ಲಿ ಚೀಪಿದ ದ್ರಾಕ್ಷಿ ಪೆಪ್ಪರಮಿಂಟಿನದೇ. ಕಾರಣವಿದೆ: ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕ ಈ ಜಾತಿಯ ಹಣ್ಣಿನಲ್ಲಿ ತಾನಾಗಿಯೇ ಇರುತ್ತದೆ, ಪೆಪ್ಪರಮಿಂಟಿಗೆ ಕಾರ್ಖಾನೆಯವರು ಹಾಕುತ್ತಾರೆ.

ಅಮೆರಿಕದ ಇಸಬೆಲ್ಲಾ ತಳಿಯೇ ಇದು ಎಂದು ತಳಿ ಬಲ್ಲವರು ಗುರುತಿಸಿದ್ದಾರೆ. ವೈನ್ ಪಂಡಿತರಿಗೆ ಈ ವಾಸನೆ ಆಗದು, ನರಿವಾಸನೆ ಎಂದು ಮೂಗು ಮುರಿಯುತ್ತಾರೆ. ಫ್ರಾನ್ಸ್ 1934ರಲ್ಲಿ ಕಾನೂನು ಮಾಡಿ ವೈನಿಗೆ ಬೇಡವೆಂದ 6 ತಳಿಗಳಲ್ಲಿ ಇಸಬೆಲ್ಲಾ ಕೂಡ ಒಂದು. ಎಟುಕದ ದ್ರಾಕ್ಷಿಯನ್ನು ಹುಳಿ ಎಂದ ನರಿಯನ್ನು ನಾವು ಬಲ್ಲೆವು. ಇಲ್ಲಿ ಎಟುಕಿದ ದ್ರಾಕ್ಷಿಯನ್ನೇ ನರಿ ಎಂದುಬಿಟ್ಟರು.

ನಂದಿ ತಪ್ಪಲಿನ ರೈತರಿಗೆ ಮಾತ್ರ ಅದು ಬಿಡಲಾಗದ ಬಳ್ಳಿಯಾಯಿತು. ಚಪ್ಪರಕ್ಕೆ ಹಬ್ಬಿಸಿ, ಹೊತ್ತಿಗೆ ಸವರಿದರೆ ವರ್ಷಕ್ಕೆ 2 ಬೆಳೆ. ಹಣ್ಣು ಜ್ಯೂಸಿಗೆ, ಜಾಮಿಗೆ, ಅಗ್ಗದ ಸಿಹಿ ಪೋರ್ಟ್ ವೈನಿಗೆ ಹೋಯಿತು. ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಪಿಂಗಾಣಿ ಜಾಡಿಯೊಳಗೆ ಸಕ್ಕರೆ, ಚಕ್ಕೆ, ಲವಂಗದ ಜೊತೆ ಹುದುಗಲು ಕೂತಿತು. 1988ರಲ್ಲಿ ಇದೇ ನಂದಿಯ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ, ಕನ್ವಲ್ ಗ್ರೋವರ್ ವೈನ್ ತೋಟ ಕಟ್ಟಿದಾಗ ನೆಟ್ಟಿದ್ದು ಫ್ರೆಂಚ್ ತಳಿಗಳನ್ನು. ಊರ ದ್ರಾಕ್ಷಿ ಬೇಲಿಯ ಆಚೆಗೇ ಉಳಿಯಿತು.

ಆಮೇಲೆ 2007 ಬಂತು. ಆ ಒಂದೇ ವರ್ಷ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು, ರಾಜ್ಯದಲ್ಲಿ ಪ್ಯಾಕೆಟ್ ಸಾರಾಯಿ ನಿಂತಿತು, ಸರ್ಕಾರದ ವೈನ್ ನೀತಿ ಹೊರಬಂತು. ಬಡವನ ಕುಡಿತ ಬಂದ್, ಉಳ್ಳವನ ಬಟ್ಟಲಿಗೆ ಪ್ರೋತ್ಸಾಹ ಎಂದು ಆಡಿಕೊಳ್ಳಲು ಜಾಗವಿತ್ತು. ಬೆಂಗಳೂರು ಬ್ಲೂಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು 2013ರಲ್ಲಿ.

ಇನ್ನು ಮಾರ್ಟಿನಿ. ಅಸಲಿ ಮಾರ್ಟಿನಿಯಲ್ಲಿ ಹಣ್ಣಿನ ರಸವೇ ಇಲ್ಲ. ಜಿನ್, ಒಂದಿಷ್ಟು ವರ್ಮೂತ್, ಮೇಲೊಂದು ಆಲಿವ್, ಅಷ್ಟೇ. 1990ರ ದಶಕದಲ್ಲಿ ಅಮೆರಿಕದ ಬಾರುಗಳು ಸೇಬಿನ ರುಚಿ ಬೆರೆಸಿ ಅದೇ ಕೊಡೆ ತಿರುವಿಟ್ಟಂಥ ಬಟ್ಟಲಲ್ಲಿ ಕೊಟ್ಟವು. ಅಲ್ಲಿಂದ ಬಟ್ಟಲಿನ ಹೆಸರೇ ಪಾನೀಯದ ಹೆಸರಾಯಿತು. ಲೋಟದಲ್ಲಿ ಕೊಟ್ಟಿದ್ದೆಲ್ಲ ಕಾಫಿ ಎಂದ ಹಾಗೆ!

ಹಾಗಿದ್ದರೂ ನನ್ನ ತೀರ್ಮಾನ ಇದು: ವೈನಿನಲ್ಲಿ ಕುಂದೆನಿಸಿದ ನರಿವಾಸನೆ ಈ ಬಟ್ಟಲಿನಲ್ಲಿ ಗುಣ. ಐಸಿನ ಥಂಡಿಗೂ ಜಿನ್ನಿನ ಖಾರಕ್ಕೂ ಅದು ಮಣಿಯುವುದಿಲ್ಲ. ಶಿಡ್ಲಘಟ್ಟದ ಹಿಪ್ಪುನೇರಳೆ ಹಣ್ಣನ್ನೂ ಇದೇ ಬಟ್ಟಲಿಗೆ ಹಾಕಿ ನೋಡಿದ್ದೇನೆ. ಬಣ್ಣ ಸೊಗಸು, ರುಚಿ ಪೇಲವ. ಅಲ್ಲಿ ಗಿಡ ಇರುವುದು ರೇಷ್ಮೆ ಹುಳುವಿನ ಸೊಪ್ಪಿಗೆ, ಹಣ್ಣು ಬಿಡುವಷ್ಟು ಪುರುಸೊತ್ತು ಅದಕ್ಕೆಲ್ಲಿ? ಚಿಂತಾಮಣಿ ಕಡೆಯ ಮಾವು ಚೆನ್ನ, ಆದರೆ ಗಟ್ಟಿಯಾಗಿ ಸೀಕರಣೆಯ ನೆನಪು ತರುತ್ತದೆ.

ಮನೆಯಲ್ಲಿ ಮಾಡುವುದು ಹೀಗೆ. ಹಣ್ಣನ್ನು ಕೈಯಲ್ಲೇ ಹಿಚುಕಿ, ಸಿಪ್ಪೆ ಸಮೇತ ಪಾತ್ರೆಗೆ ಹಾಕಿ, ಚೂರು ನೀರು ಬಿಟ್ಟು ಸಣ್ಣ ಉರಿಯಲ್ಲಿ 10 ನಿಮಿಷ ಬಿಸಿ ಮಾಡಿ. ಕುದಿಯಬಾರದು. ಬಣ್ಣವೆಲ್ಲ ಇರುವುದು ಸಿಪ್ಪೆಯಲ್ಲಿ. ತೆಳು ಬಟ್ಟೆಯಲ್ಲಿ ಸೋಸಿ ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ತಳದಲ್ಲಿ ಮರಳಿನಂಥ ಹರಳು ಕೂತಿದ್ದರೆ ಹೆದರಬೇಡಿ, ದ್ರಾಕ್ಷಿಯ ಹುಳಿಯೇ ಅದು. ಮೇಲಿನ ತಿಳಿ ಬಗ್ಗಿಸಿಕೊಳ್ಳಿ. 60 ಮಿಲಿ ಜಿನ್, 45 ಮಿಲಿ ರಸ, ಒಂದು ಚಮಚ ನಿಂಬೆರಸ, ಎರಡು ಚಮಚ ಸಕ್ಕರೆ ಪಾಕ. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ಐಸ್ ತುಂಬಿ, ಡಬ್ಬಿಯ ಮೈ ಬೆವರುವವರೆಗೆ ಕುಲುಕಿ ಸೋಸಿ. ಒಬ್ಬರಿಗೆ ಒಂದು ಬಟ್ಟಲು, ಅದಕ್ಕಿಂತ ಹೆಚ್ಚು ಬೇಡ.

1927ರಲ್ಲಿ ಆರೋಗ್ಯ ಕೆಟ್ಟು ಗಾಂಧೀಜಿ ವಿಶ್ರಾಂತಿಗೆ ಬಂದಿದ್ದು ಇದೇ ನಂದಿ ಬೆಟ್ಟಕ್ಕೆ. ಹಾಗಾಗಿ ಅವರ ಲೆಕ್ಕದ್ದೂ ಒಂದು ಇರಲಿ: ಜಿನ್ ಬಿಟ್ಟು, ಅದೇ ರಸಕ್ಕೆ ಸೋಡಾ, ಚಿಟಿಕೆ ಉಪ್ಪು. ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗುವ ಜಗ್ ಇದೇ.

ಯಾವುದನ್ನೇ ಮಾಡಿ, ಹಣ್ಣನ್ನು ಮಿಕ್ಸಿಗೆ ಮಾತ್ರ ಹಾಕಬೇಡಿ. ಬೀಜ ಒಡೆದರೆ ರಸವೆಲ್ಲ ಒಗರಾಗುತ್ತದೆ.